ಕಿಟಕಿ ಕಟ್ಟೆಯ ನಾಯಿ

ಗಡಿಗಾಗಿ, ನದಿ ನೀರಿಗಾಗಿ, ಸಿಂಹಾಸನಕ್ಕಾಗಿ ಲೋಕದಲ್ಲಿ ಜಗಳಗಳಾಗಿವೆ. ಅವುಗಳ ಸಾಲಿಗೆ ಕತ್ರಿಗುಪ್ಪೆಯ ರಾಮಪ್ರಸಾದರ ಮನೆಯ ಊಟದ ಕೋಣೆಯ ಪ್ಲಗ್ ಪಾಯಿಂಟನ್ನೂ ಸೇರಿಸಬೇಕಾಗಿರುವುದರಿಂದ, ಅದರ ವಿಷಯವನ್ನು ಮೊದಲಿಗೇ ತಕ್ಕ ಗಾಂಭೀರ್ಯದಿಂದ ಹೇಳಿಬಿಡುವುದು ಒಳ್ಳೆಯದು. ಆ ಕೋಣೆಗೆ ಪ್ಲಗ್ ಒಂದೇ. ಅದು ವರಾಂಡದ ಕಡೆಗೆ ತೆರೆಯುವ ಕಿಟಕಿಯ ಕೆಳಗಿತ್ತು. ಅದರಲ್ಲಿ ಮಿಕ್ಸಿ ಇರಬೇಕೋ ಟ್ಯಾಬಿನ ಚಾರ್ಜರ್ ಇರಬೇಕೋ ಎಂಬುದೇ ಪ್ರಶ್ನೆ. ಮನೆಯ ಯಜಮಾನ ರಾಮಪ್ರಸಾದರು ವಿದ್ಯುತ್ ಮಂಡಳಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅರ್ಧ ಬೆಂಗಳೂರಿಗೆ ಕರೆಂಟು ಕೊಟ್ಟವನು ನಾನು ಎಂದು ಹೇಳಿಕೊಳ್ಳುತ್ತಿದ್ದರು. ಸ್ವಂತ ಊಟದ ಕೋಣೆಗೆ ಎರಡನೆಯ ಪ್ಲಗ್ ಕೊಡಲು ಅವರಿಗೆ ಪುರುಸೊತ್ತಾಗಿರಲಿಲ್ಲ.

"ಮಿಕ್ಸಿ ಇಲ್ದೆ ಚಟ್ನಿ ಆಗಲ್ಲ ಕಣಮ್ಮ," ಎಂದರು ಅವರ ಹೆಂಡತಿ ಸೀತಾಲಕ್ಷ್ಮಿ.

"ಚಾರ್ಜ್ ಇಲ್ದೆ ನಾಯಿ ಏಳಲ್ಲ ಅತ್ತೆ," ಎಂದಳು ಸೊಸೆ ಹಂಸಾ.

"ಬೆಳಿಗ್ಗೆ ಎದ್ದು ಎಂಥಾ ಮಾತು ಕೇಳಬೇಕಪ್ಪ ಈ ಮನೇಲಿ!"

ನಾಯಿಯ ವಿಷಯ ಹೀಗೆ. ಹಂಸಾ ಹೆಬ್ಬಾಳದಲ್ಲಿ ಓದಿದ ಪಶುವೈದ್ಯೆ. ಎರಡು ವರ್ಷ ಕೆಲಸ ಮಾಡಿದ್ದಳು. ಮಗಳು ಶರ್ವಾಣಿ ಹುಟ್ಟಿದ ಮೇಲೆ ಬಿಟ್ಟಿದ್ದಳು. ಸ್ವಲ್ಪ ದಿನಕ್ಕೆ ಎಂದು ಬಿಟ್ಟ ಕೆಲಸ, ಮಗಳು ಎಂಟನೇ ಕ್ಲಾಸಿಗೆ ಬಂದರೂ ಹಾಗೆಯೇ ಉಳಿದಿತ್ತು. ಕಾಲೇಜಿನಲ್ಲಿ ಅವಳ ಸೀನಿಯರ್ ಆಗಿದ್ದ ಡಾಕ್ಟರ್ ಸೋಮನಾಥ್ ಜೆ.ಪಿ. ನಗರದಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್ ಇಟ್ಟಿದ್ದರು. ಕೆಲಸ ಕೇಳಿಕೊಂಡು ಹೋದಾಗ ಅವರು ಮುಚ್ಚುಮರೆ ಮಾಡಲಿಲ್ಲ.

"ನಾಯಿಗಳು ಬದಲಾಗಿಲ್ಲ ಹಂಸಾ, ಔಷಧಿಗಳು ಬದಲಾಗಿವೆ. ಆನ್‌ಲೈನ್‌ನಲ್ಲಿ ಹೃದಯದ ಕೋರ್ಸ್ ಇದೆ ನೋಡು. ಮುಗಿಸಿ ಸರ್ಟಿಫಿಕೇಟ್ ತಗೊಂಡ್ಬಾ. ಡಿಸೆಂಬರ್ ಒಂದರಿಂದ ಆ ಕುರ್ಚಿ ನಿಂದು. ಇಲ್ಲಾಂದ್ರೆ ಇನ್ನೊಬ್ಬಳು ಕೇಳ್ತಿದಾಳೆ."

ಕುರ್ಚಿಯನ್ನು ಹಂಸಾ ತಿರುಗಿ ನೋಡಿಕೊಂಡೇ ಬಂದಳು. ಅದರ ಒಂದು ಕೈ ಸ್ವಲ್ಪ ಸಡಿಲವಾಗಿತ್ತು. ಆದರೂ ಅದು ಅವಳಿಗೆ ಬೇಕಾಗಿತ್ತು.

ಕೋರ್ಸು ಪಶುವೈದ್ಯರಿಗಾಗಿಯೇ ಮಾಡಿದ್ದು. ಉಪನ್ಯಾಸಗಳು, ಎಕ್ಸ್‌ರೇಗಳು, ಯಾವ ಮಾತ್ರೆ ಎಷ್ಟು ತೂಕಕ್ಕೆ ಎಷ್ಟು ಎಂದು ಹುಡುಕಿ ನೋಡುವ ಭಂಡಾರ ಎಲ್ಲವೂ ಅದರಲ್ಲಿದ್ದವು. ಜೊತೆಗೆ ಪ್ರತಿ ವಿದ್ಯಾರ್ಥಿಗೂ ಒಂದು ರೋಗಿ. ಹಂಸಾಗೆ ಬಂದದ್ದು ಆಸ್ಕರ್ ಎಂಬ ಉದ್ದ ಕಿವಿಯ, ಕಂದು-ಬಿಳಿ ಬಣ್ಣದ ಮುದಿ ನಾಯಿ. ಅದು ಭೂಮಿಯ ಮೇಲೆ ಎಲ್ಲೂ ಇಲ್ಲದ ನಾಯಿ, ಕಂಪ್ಯೂಟರ್ ಹೆಣೆದದ್ದು. ದಿನವೂ ಮೂರು ಗಂಟೆಗೆ ಅದು ನಿದ್ದೆ ಹೋಗುತ್ತಿತ್ತು. ಆಗ ಒಂದು ನಿಮಿಷ ಅದರ ಉಸಿರು ಎಣಿಸಿ ಸಂಖ್ಯೆ ತುಂಬಬೇಕು. ಹೃದಯ ಸೋತ ನಾಯಿಯ ಶ್ವಾಸಕೋಶಕ್ಕೆ ನೀರು ಸೇರುತ್ತಿದೆಯೇ ಎಂದು ಮನೆಯವರು ತಿಳಿದುಕೊಳ್ಳುವುದು ಹೀಗೆ, ನಿದ್ದೆಯ ಉಸಿರು ಎಣಿಸಿ. ತುಂಬಿದ ಸಂಖ್ಯೆಗೆ, ಕೊಟ್ಟ ಮಾತ್ರೆಗೆ ತಕ್ಕಂತೆ ಮಾರನೆಯ ದಿನದ ಆಸ್ಕರ್ ಇರುತ್ತಿತ್ತು. ನೀವು ಬರೆದಂತೆ ನಿಮ್ಮ ರೋಗಿ, ಎಂದು ಕೋರ್ಸಿನವರು ಮೊದಲ ಪುಟದಲ್ಲೇ ಎಚ್ಚರಿಸಿದ್ದರು.

ಮನೆಯಲ್ಲಿ ವೈಫೈ ನೆಟ್ಟಗೆ ಸಿಗುತ್ತಿದ್ದದ್ದು ಆ ಕಿಟಕಿ ಕಟ್ಟೆಯ ಮೇಲೆ ಮಾತ್ರ. ಆದ್ದರಿಂದ ಟ್ಯಾಬು ಅಲ್ಲಿ, ಚಾರ್ಜರ್ ಕೆಳಗೆ, ಮಿಕ್ಸಿಗೆ ಗಡೀಪಾರು.

"ಇಷ್ಟು ವರ್ಷ ಆದ್ಮೇಲೆ ಈಗೇನು ನಾಯಿ ಬಾಲ ಹಿಡ್ಕೊಂಡು ಹೋಗ್ತೀಯ," ಎಂದರು ಸೀತಾಲಕ್ಷ್ಮಿ. "ನಾಯಿ ಮುಟ್ಟಿ ಬಂದು ಅಡುಗೆಮನೆಗೆ ಕಾಲಿಡ್ತೀಯಾ?"

"ಸ್ನಾನ ಮಾಡೇ ಬರ್ತೀನಿ ಅತ್ತೆ."

"ದಿನಕ್ಕೆ ಎಷ್ಟು ಸ್ನಾನ? ಕಾವೇರಿ ನೀರು ದಿನ ಬಿಟ್ಟು ದಿನ ಬರೋದು ಗೊತ್ತಲ್ಲ?"

ರಾಮಪ್ರಸಾದರು ಪೇಪರಿನ ಮರೆಯಿಂದ, "ಓದ್ಲಿ ಬಿಡೇ. ಹೊಟ್ಟೆಗೇನು ಕೇಳತ್ತಾ ಆ ನಾಯಿ?" ಎಂದರು. ಅಷ್ಟು ಹೇಳಿ ಕೆಮ್ಮಿದರು. ಮೆಟ್ರೋದವರು, ಫ್ಲೈಓವರಿನವರು, ಎದುರು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದವರು ಎಲ್ಲ ಸೇರಿ ಎಬ್ಬಿಸಿದ ಧೂಳಿನಿಂದ ಕೆಮ್ಮು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಮಲಗಿದರೆ ಅದು ಜಾಸ್ತಿಯಾಗುತ್ತಿತ್ತು. ಗ್ಯಾಸ್ ಎಂದು ಅದಕ್ಕೂ ಹೆಸರಿಟ್ಟು, ಮಧ್ಯಾಹ್ನದ ನಿದ್ದೆಯನ್ನು ಮಂಚದಿಂದ ಆರಾಮ ಕುರ್ಚಿಗೆ ವರ್ಗಾಯಿಸಿದ್ದರು. ಗಾಳಿ ಚೆನ್ನಾಗಿರುತ್ತದೆಂದು ಕುರ್ಚಿಯನ್ನು ವರಾಂಡಕ್ಕೆ, ಕಿಟಕಿಯ ಆಚೆ ಮಗ್ಗುಲಿಗೆ ಹಾಕಿಸಿಕೊಂಡಿದ್ದರು. ನಡುವೆ ಒಂದು ಬಟ್ಟೆಯ ಪರದೆ.

ಮೊದಲ ವಾರ ಹಂಸಾ ತಾನೇ ಎಣಿಸಿದಳು. ಆಮೇಲೆ ಶರ್ವಾಣಿಯ ಟ್ಯೂಷನ್ನಿನ ಸಮಯ ಬದಲಾಯಿತು. ಎರಡೂವರೆಗೆ ಮನೆ ಬಿಟ್ಟು, ಸ್ಕೂಲಿನಿಂದ ಅವಳನ್ನು ಕರೆದುಕೊಂಡು ಬನಶಂಕರಿಗೆ ಬಿಟ್ಟು ಬರಬೇಕು. ಮೂರು ಗಂಟೆಗೆ ಮನೆಯಲ್ಲಿ ಎಚ್ಚರವಾಗಿ ಇರುತ್ತಿದ್ದವರು ಸೀತಾಲಕ್ಷ್ಮಿ ಒಬ್ಬರೇ.

"ಎಣಿಸದೇ ಇದ್ರೆ ಏನಾಗತ್ತೆ?" ಎಂದು ಅವರು ಕೇಳಿದರು.

"ಸತ್ತು ಹೋಗತ್ತೆ ಅತ್ತೆ. ನಾನು ಫೇಲ್."

ನೀನು ಫೇಲಾಗುವುದು ಬೇರೆ ಮಾತು, ಎಂಬಂತೆ ಅವರು ಕೈಯಾಡಿಸಿದರು. "ಮನೇಲಿ ಒಂದು ಜೀವ ಸಾಯೋದು ಬೇಡಮ್ಮ. ತೋರಿಸು, ಹ್ಯಾಗೆ ಅಂತ."

ತೋರಿಸುವುದು ಸುಲಭವಾಗಿತ್ತು. ಗುಂಡಿ ಒತ್ತಿದರೆ ಟ್ಯಾಬಿನ ಪರದೆಯ ಮೂಲೆಯಲ್ಲಿ ಒಂದು ಬಿಳಿ ಚಕ್ರ ಕಾಣಿಸಿಕೊಂಡು, ನಿಧಾನಕ್ಕೆ ಹಸಿರಾಗುತ್ತ ಬಂದು, ನಿಮಿಷ ತುಂಬಿದಾಗ ಪೂರ್ತಿ ಹಸಿರಾಗುತ್ತಿತ್ತು. ಅಷ್ಟರಲ್ಲಿ ಆದ ಉಸಿರು ಎಷ್ಟೋ ಅಷ್ಟು. ಸೀತಾಲಕ್ಷ್ಮಿಯವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಬ್ಬ ಕಳೀಲಿ, ಶ್ರಾದ್ಧ ಕಳೀಲಿ ಎಂದು ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು. ಹಸಿರು ಚಕ್ರ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ನಾಯಿ ಒಂದು ಕಂದು ಮೋಡದಂತೆ ಕಾಣುತ್ತಿತ್ತು. ಉಸಿರನ್ನು ಅವರು ಕಿವಿಯಲ್ಲಿ ಹಿಡಿದು ಜಪಮಣಿಯಲ್ಲಿ ಎಣಿಸುತ್ತಿದ್ದರು. ಒಂದು ಉಸಿರಿಗೆ ಒಂದು ರಾಮ, ಒಂದು ರಾಮನಿಗೆ ಒಂದು ಮಣಿ. ಮಡಿಗೆ ಭಂಗವಿರಲಿಲ್ಲ, ಏಕೆಂದರೆ ಈ ನಾಯಿಗೆ ಮೈಯೇ ಇರಲಿಲ್ಲ. ಮೂರು ದಿನ ಕಳೆಯುವುದರೊಳಗೆ ಅವರು ಫೋನಿನಲ್ಲಿ ಗಿರಿನಗರದ ನಾದಿನಿ ಗಿರಿಜಾದೇವಿಗೆ, "ನಮ್ಮ ನಾಯಿಗೆ ಇವತ್ತು ವಾಸಿ," ಎಂದು ಹೇಳುವಷ್ಟಾಗಿದ್ದರು.

ಆ ಭಾನುವಾರ ಊಟದ ಹೊತ್ತಿನಲ್ಲಿ ರಾಮಪ್ರಸಾದರು ಎಲೆಯ ಮುಂದೆ ಕೈ ತಡೆದರು. ಟ್ಯಾಬಿನಿಂದ ಆಸ್ಕರಿನ ಏದುಸಿರು ಬರುತ್ತಿತ್ತು.

"ಹಂಸಾ, ನಾನು ಸಾರನ್ನ ಉಣ್ಣುವಾಗ ಕಿವೀಲಿ ನಾಯಿ ಏದ್ತಾ ಇದ್ರೆ ಹ್ಯಾಗಮ್ಮ? ಒಂದು ತುತ್ತಿಗೆ ನಂದು, ಇನ್ನೊಂದಕ್ಕೆ ಅದರದ್ದು ಅನ್ನೋ ಹಾಗಾಗಿದೆ."

ಶರ್ವಾಣಿ ಎಡಗೈ ಚಾಚಿ ಟ್ಯಾಬಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಳು. ಸದ್ದು ನಿಂತಿತು. "ತಗೋ ತಾತ, ಮ್ಯೂಟ್. ಈಗ ಎಲ್ಲಾ ತುತ್ತೂ ನಿಂದೇ."

ಎಲ್ಲರೂ ನಕ್ಕರು. ಊಟ ಮುಂದುವರಿಯಿತು. ಹಂಸಾ ಉಪನ್ಯಾಸಗಳನ್ನು ಇಯರ್‌ಫೋನಿನಲ್ಲಿ ಕೇಳುತ್ತಿದ್ದಳು. ಮ್ಯೂಟ್ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಮೇಲಿನ ವಾರಗಳಲ್ಲಿ ಆಸ್ಕರ್ ಕೆಡುತ್ತ ಬಂತು.

ಮಾತ್ರೆಗಳನ್ನು ಹಂಸಾ ಸರಿಯಾಗಿಯೇ ಕೊಡುತ್ತಿದ್ದಳು. ಪುಸ್ತಕ ನೋಡಿ, ಭಂಡಾರ ನೋಡಿ, ಮೈಯಿಂದ ನೀರು ಇಳಿಸುವ ಮಾತ್ರೆಯನ್ನು ಒಂದಕ್ಕೆ ಎರಡು ಮಾಡಿದಳು. ಆದರೂ ಅತ್ತೆ ಚೀಟಿಯಲ್ಲಿ ಬರೆದಿಡುತ್ತಿದ್ದ ಸಂಖ್ಯೆ ಏರುತ್ತಲೇ ಹೋಯಿತು. ಸಂಜೆ ಬಂದು ಅವಳು ಅದನ್ನು ಟ್ಯಾಬಿಗೆ ತುಂಬುವಳು. ಮಾರನೆಯ ದಿನ ಆಸ್ಕರ್ ಇನ್ನಷ್ಟು ಬಳಲಿರುವುದು. ಮೊದಲು ಅದು ಸುರುಳಿಯಾಗಿ ಮಲಗುತ್ತಿತ್ತು. ಈಗ ಕತ್ತು ನೀಡಿ, ಮುಂಗಾಲಿನ ಮೊಣಕೈಗಳನ್ನು ಮೈಯಿಂದ ದೂರ ಇಟ್ಟುಕೊಂಡು ಕೂತೇ ತೂಕಡಿಸತೊಡಗಿತು.

"ಅತ್ತೆ, ಸರಿಯಾಗಿ ಎಣಿಸ್ತಿದೀರ ತಾನೇ?"

"ಲಕ್ಷ ಜಪ ಮಾಡಿರೋ ಕೈ ಕಣೇ ಇದು. ನಿನ್ನ ಕಂಪ್ಯೂಟರ್ ತಪ್ಪಬೇಕು, ನನ್ನ ಮಣಿ ತಪ್ಪಲ್ಲ."

ಹಂಸಾಳ ಗಂಡ ವಸಿಷ್ಠ ಜಯನಗರದಲ್ಲಿ ಒಂದು ಬ್ಯಾಂಕಿನಲ್ಲಿದ್ದ. ನಾಲ್ಕನೇ ಶನಿವಾರ ಮನೆಯಲ್ಲಿದ್ದವನು ಮಧ್ಯಾಹ್ನ ಕೋಣೆಯಿಂದಲೇ ಕೂಗಿದ. "ಹಂಸಾ, ಆ ನಾಯಿ ಸೌಂಡ್ ಕಮ್ಮಿ ಮಾಡೇ! ನಿದ್ದೆ ಬರ್ತಿಲ್ಲ."

"ನಿಮ್ಮಮ್ಮ ಎಣಿಸ್ತಿದಾರೆ ರೀ! ಒಂದು ನಿಮಿಷ ತಡ್ಕೊಳ್ಳಿ."

ನಿಮಿಷ ಕಳೆದ ಮೇಲೂ ಸದ್ದು ಹೋಗಲಿಲ್ಲ. ವಸಿಷ್ಠ ಬಾಗಿಲು ಹಾಕಿಕೊಂಡ.

ಮನೆಯಲ್ಲಿ ಬೇರೆ ಚಿಲ್ಲರೆ ವಿಷಯಗಳೂ ಇದ್ದವು. ರಾಮಪ್ರಸಾದರ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ. ಒಂದೇ ನಂಬರ್, ಒಂದೇ ಅಂಗಡಿ, ಆದರೂ ಬಿಗಿ. ಅಂಗಡಿಯವನು ಮೋಸಗಾರನಾದ. ರಾತ್ರಿ ಎರಡು ಚಪಾತಿ ತಿನ್ನುತ್ತಿದ್ದವರು ಅರ್ಧಕ್ಕೆ ಇಳಿದರು. ಗೋಧಿ ಮೋಸವಾಯಿತು. ದೇವರಿಗೆ ಹೂ ಕೊಯ್ಯಲು ಮಹಡಿ ಹತ್ತುತ್ತಿದ್ದವರು ನಡುವೆ ನಿಂತು ಎದುರು ಮನೆಯ ಕಟ್ಟಡದ ಕಂಬಿಗಳನ್ನು ಬಹಳ ಹೊತ್ತು ಪರೀಕ್ಷಿಸತೊಡಗಿದರು.

ಒಂದು ಸಂಜೆ ಹಂಸಾ ಒಳಗೆ ಬಂದಾಗ ಮಾವ ಕಿಟಕಿ ಕಟ್ಟೆಯ ಮುಂದೆ ನಿಂತು ಟ್ಯಾಬನ್ನು ನೋಡುತ್ತಿದ್ದರು. ಪರದೆಯಲ್ಲಿ ಆಸ್ಕರ್ ಕಣ್ಣು ತೆರೆದುಕೊಂಡು ಕೂತಿತ್ತು.

"ಇದು ನನ್ನೇ ನೋಡ್ತಿದೆ ಅಲ್ವೇನಮ್ಮ?"

"ಎಲ್ಲಾರ್ನೂ ಹಾಗೇ ನೋಡತ್ತೆ ಮಾವ. ಹಾಗೆ ಮಾಡಿರ್ತಾರೆ."

"ಅದಕ್ಕೊಂದು ದಿಂಬು ಕೊಡಿಸು. ಗದ್ದ ಇಟ್ಕೊಂಡ್ರೆ ಸ್ವಲ್ಪ ಹಾಯಾಗತ್ತೆ."

"ನಾನು ದಿಂಬು ಕೊಡೋಕಾಗಲ್ಲ ಮಾವ, ಬರೀ ಮಾತ್ರೆ."

"ಪಾಪ," ಎಂದರು ಅವರು.

ಮರುದಿನ ಟ್ಯಾಬ್ ತೆರೆದಾಗ ಆಸ್ಕರ್ ಒಂದು ನೀಲಿ ದಿಂಬಿನ ಮೇಲೆ ಗದ್ದವಿಟ್ಟು ತೂಕಡಿಸುತ್ತಿತ್ತು. ಉಸಿರಾಟದ ತೊಂದರೆ ಹೆಚ್ಚಾದ ನಾಯಿಗಳು ಹೀಗೆ ತಲೆ ಎತ್ತರಿಸಿಕೊಳ್ಳುತ್ತವೆಂದು ಪಾಠದಲ್ಲೇ ಇತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ಹಂಸಾ ತನಗೆ ಹೇಳಿಕೊಂಡಳು. ವರಾಂಡದ ಆರಾಮ ಕುರ್ಚಿಯ ಮೇಲೂ ಅತ್ತೆ ಆ ಬೆಳಿಗ್ಗೆ ನೀಲಿ ಗೌಸಿನ ದಿಂಬೊಂದನ್ನು ಇಟ್ಟಿದ್ದರು. ಮನೆಯಲ್ಲಿದ್ದ ಗೌಸುಗಳೆಲ್ಲ ನೀಲಿಯೇ ಆಗಿದ್ದವು.

ನವೆಂಬರ್ ಬಂತು. ಪಿಂಚಣಿದಾರರು ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಸಾಬೀತು ಮಾಡುವ ತಿಂಗಳು. ಮೊಬೈಲಿನಲ್ಲೇ ಮಾಡಬಹುದು ಅಪ್ಪ ಎಂದು ವಸಿಷ್ಠ ಹೇಳಿದ. ಬದುಕಿರುವವನು ಎದ್ದು ಹೋಗಿ ತೋರಿಸಬೇಕು, ಎಂದು ರಾಮಪ್ರಸಾದರು ಗುರುವಾರ ಆಟೋ ಹತ್ತಿದರು. ಲೈಫ್ ಸರ್ಟಿಫಿಕೇಟ್ ಕೊಟ್ಟು, ಗಿರಿನಗರದಲ್ಲಿ ತಂಗಿಯ ಮನೆಯಲ್ಲಿ ಊಟ ಮಾಡಿ, ಸಂಜೆಗೆ ಬಂದರು.

ಹಂಸಾ ಬಂದಾಗ ಸೀತಾಲಕ್ಷ್ಮಿ ಕಿಟಕಿಯ ಮುಂದಿನ ಮಣೆಯ ಮೇಲೆ ಇನ್ನೂ ಕೂತಿದ್ದರು. ಜಪಮಣಿ ಮಡಿಲಲ್ಲಿತ್ತು. ಚೀಟಿಯಲ್ಲಿ ಒಂದು ಸೊನ್ನೆ ಇತ್ತು.

"ಇವತ್ತು ಉಸಿರೇ ಇಲ್ಲ ಹಂಸಾ."

"ಏನತ್ತೆ?"

"ಚಕ್ರ ಪೂರ್ತಿ ತಿರುಗ್ತು. ಒಂದು ಮಣೀನೂ ಬೀಳಲಿಲ್ಲ. ಮತ್ತೆ ಒತ್ತಿದೆ. ಆಗ್ಲೂ ಇಲ್ಲ. ನಿಂಗೆ ಫೋನ್ ಮಾಡೋಣ ಅಂದ್ರೆ ಗಾಡಿ ಓಡಿಸ್ತಿರ್ತೀಯ." ಅವರು ಟ್ಯಾಬನ್ನು ಸೊಸೆಯ ಕಡೆ ತಿರುಗಿಸಿದರು. "ಹೋಗ್ಬಿಟ್ಟಿದೆಯೇನೋ ನೋಡು."

ಹಂಸಾ ಬಗ್ಗಿ ನೋಡಿದಳು. ಆಸ್ಕರಿನ ಪಕ್ಕೆಗಳು ಏರಿ ಇಳಿಯುತ್ತಿದ್ದವು. ಅವಳೇ ಕಣ್ಣಿನಲ್ಲಿ ಎಣಿಸಿ ಒಂದು ಸಂಖ್ಯೆ ತುಂಬಿದಳು. "ಇದೆ ಅತ್ತೆ. ಉಸಿರು ಚೆನ್ನಾಗೇ ಆಡ್ತಿದೆ. ಮೊದಲು ನಿಮ್ಮ ಕಣ್ಣಿನ ಆಪರೇಷನ್ ಮಾಡಿಸ್ಬೇಕು."

"ಕಣ್ಣಲ್ಲಿ ಯಾರು ಎಣಿಸ್ತಾರೆ," ಎಂದು ಅವರು ಗೊಣಗಿದರು. ಎದ್ದು ಹೋಗಿ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದರು. ಯಾರ ಹೆಸರಿನಲ್ಲಿ ಎಂದು ಹಂಸಾ ಕೇಳಲಿಲ್ಲ. ಹೊರಗೆ ಗೇಟಿನ ಸದ್ದಾಯಿತು. ಬದುಕಿರುವುದನ್ನು ಸಾಬೀತು ಮಾಡಿ ಬಂದ ಮಾವ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು.

ಮಾರನೆಯ ದಿನದಿಂದ ಉಸಿರು ಮರಳಿತು, ಮೊದಲಿಗಿಂತ ಜೋರಾಗಿ.

ಪ್ಲಗ್ಗಿನ ಯುದ್ಧ ಇಷ್ಟು ದಿನವೂ ನಡೆದೇ ಇತ್ತು. ದಿನಕ್ಕೆ ನಾಲ್ಕು ಸಲ ಚಾರ್ಜರನ್ನು ಕಿತ್ತು ಮಿಕ್ಸಿ, ಮಿಕ್ಸಿ ಕಿತ್ತು ಚಾರ್ಜರ್. ನವೆಂಬರ್ ನಾಲ್ಕನೆಯ ಶನಿವಾರ ಬೆಳಿಗ್ಗೆ ಚಟ್ನಿಯ ಅವಸರದಲ್ಲಿ ಸೀತಾಲಕ್ಷ್ಮಿ ವೈರು ಹಿಡಿದು ಎಳೆದರು. ಟ್ಯಾಬಿನ ಪಿನ್ನು ಮುರಿಯಿತು. ಅತ್ತೆ ಸೊಸೆ ಒಬ್ಬರಿಗೊಬ್ಬರು ಹೇಳಬಾರದ್ದನ್ನು ಹೇಳಿಕೊಂಡರು. ಇನ್ನೊಂದೇ ವಾರದಲ್ಲಿ ಕೋರ್ಸು ಮುಗಿಯುವುದಿತ್ತು.

"ಬೇಕೂಂತಲೇ ಮಾಡಿದ್ರಿ! ನಾನು ಕೆಲಸಕ್ಕೆ ಹೋಗಬಾರದು ಅಂತಾನೇ!"

"ಬೇಕೂಂತ ಮಾಡೋದಾಗಿದ್ರೆ ತಿಂಗಳಿಂದ ನಿನ್ನ ನಾಯಿ ಉಸಿರು ಯಾಕೆ ಎಣಿಸ್ತಿದ್ದೆ? ನನಗೇನು ಬೇರೆ ಕೆಲಸ ಇರಲಿಲ್ವಾ?"

ಶರ್ವಾಣಿ ಟ್ಯಾಬನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಕತ್ರಿಗುಪ್ಪೆ ಮುಖ್ಯರಸ್ತೆಯ ಚಿದಾನಂದ್ ಅವರ ಮೊಬೈಲ್ ಅಂಗಡಿಗೆ ಕೊಟ್ಟು ಬಂದಳು.

ಭಾನುವಾರದ ಊಟಕ್ಕೆ ಅತ್ತೆ ಸೊಸೆಯ ನಡುವೆ ಮಾತಿರಲಿಲ್ಲ. ಹೀರೇಕಾಯಿ ಹುಳಿ, ಹಪ್ಪಳ, ಮಜ್ಜಿಗೆ. ರಾಮಪ್ರಸಾದರು ಎರಡು ತುತ್ತು ಉಂಡು, ಸಾಕು ಎಂದು ವರಾಂಡಕ್ಕೆ ಹೋಗಿ ಒರಗಿದ್ದರು. ವಸಿಷ್ಠ ಅನ್ನ ಕಲೆಸುತ್ತ ಮುಖ ಕಿವಿಚಿದ.

"ಜಗಳ ಆಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮೊದಲು ಆ ನಾಯಿನ ಯಾರಾದ್ರೂ ಆಫ್ ಮಾಡ್ತೀರಾ? ಎಷ್ಟು ಜೋರಾಗಿ ಎಳೀತಿದೆ!"

ಶರ್ವಾಣಿ ತಲೆ ಎತ್ತಿದಳು. "ಯಾವ್ ನಾಯಿ ಅಪ್ಪ? ಟ್ಯಾಬ್ ಚಿದಾನಂದ್ ಅಂಕಲ್ ಅಂಗಡೀಲಿದೆ."

ಎಲ್ಲರೂ ಕಿಟಕಿ ಕಟ್ಟೆಯ ಕಡೆ ನೋಡಿದರು. ಅದು ಖಾಲಿ ಇತ್ತು. ಟ್ಯಾಬು ಇರುತ್ತಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿತ್ತು. ಆ ಚೌಕದ ಮೇಲಿನಿಂದ ಉಸಿರು ಬರುತ್ತಿತ್ತು. ಒಳಗೆಳೆದುಕೊಳ್ಳುವಾಗ ಒದ್ದೆಯಾದ ಸದ್ದು, ಬಿಡುವಾಗ ಕೊನೆಯಲ್ಲಿ ಸಣ್ಣ ಸೀಟಿ. ಹಪ್ಪಳ ಕಡಿಯುತ್ತಿದ್ದ ವಸಿಷ್ಠ ಕಡಿಯುವುದನ್ನು ನಿಲ್ಲಿಸಿದ. ಫ್ಯಾನ್ ಗಾಳಿಗೆ ಪರದೆ ಒಳಕ್ಕೂ ಹೊರಕ್ಕೂ ಆಡಿತು.

ಸೀತಾಲಕ್ಷ್ಮಿ ಹುಳಿಯ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು. "ಇದೇ ಸದ್ದು," ಎಂದರು. "ನಾನು ದಿನಾ ಎಣಿಸೋದು ಇದನ್ನೇ."

"ಅಜ್ಜಿ, ಟ್ಯಾಬ್ ಮ್ಯೂಟಲ್ಲಿ ಇತ್ತಲ್ಲ," ಎಂದಳು ಶರ್ವಾಣಿ ಮೆಲ್ಲಗೆ. "ನಾನೇ ಮಾಡಿದ್ದು. ತಾತ ಊಟ ಮಾಡುವಾಗ. ಆಮೇಲೆ ಯಾರೂ ತೆಗೀಲೇ ಇಲ್ಲ."

ಹಂಸಾ ಎದ್ದಳು. ಎಂಜಲ ಕೈಯಲ್ಲೇ ಹೋಗಿ ಪರದೆ ಸರಿಸಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತೆ ಅದಕ್ಕೆ ಏನೂ ಅನ್ನಲಿಲ್ಲ.

ಕಿಟಕಿಯ ಸರಳುಗಳ ಆಚೆ ರಾಮಪ್ರಸಾದರು ಕೂತೇ ನಿದ್ದೆ ಹೋಗಿದ್ದರು. ಕತ್ತು ಮುಂದಕ್ಕೆ ನೀಡಿತ್ತು. ಮೊಣಕೈಗಳು ಮೈಯಿಂದ ದೂರ ಚಾಚಿದ್ದವು. ಗದ್ದ ನೀಲಿ ದಿಂಬಿನ ಮೇಲಿತ್ತು. ಅವಳು ಈ ಭಂಗಿಯನ್ನು ಎಷ್ಟೋ ದಿನಗಳಿಂದ ನೋಡುತ್ತಿದ್ದಳು, ಟಿಪ್ಪಣಿ ಬರೆದುಕೊಂಡಿದ್ದಳು, ಅದಕ್ಕೆ ಮಾತ್ರೆಯನ್ನೂ ಹೆಚ್ಚಿಸಿದ್ದಳು. ವರಾಂಡಕ್ಕೆ ಓಡಿ ಮಾವನ ಪಾದದ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು.

"ರೀ, ಕಾರ್ ತೆಗೀರಿ."

"ಊಟ..." ಎಂದ ವಸಿಷ್ಠ.

"ಕಾರ್ ತೆಗೀರಿ ಅಂದೆ."

ಜಯನಗರದ ಆಸ್ಪತ್ರೆಯಲ್ಲಿ ಅವರನ್ನು ನೇರವಾಗಿ ಐಸಿಯುಗೆ ತೆಗೆದುಕೊಂಡರು. ಹೃದಯ ಅರ್ಧ ಶಕ್ತಿಯೂ ಇಲ್ಲದೆ ಬಡಿಯುತ್ತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರಮ್ಮ ಕೇಳಿದಾಗ, ಹಂಸಾ ತನ್ನ ಮೊಬೈಲಿನಲ್ಲೇ ಕೋರ್ಸಿನ ಖಾತೆ ತೆರೆದು ಗೆರೆಚಿತ್ರವನ್ನು ತೋರಿಸಿದಳು. ದಿನದಿನದ ಉಸಿರು ಏರುತ್ತ ಹೋಗಿತ್ತು.

"ಅರೆ, ಇಷ್ಟು ಚೆನ್ನಾಗಿ ಚಾರ್ಟ್ ಮಾಡಿದೀರ! ಮತ್ತೆ ಯಾಕೆ ಇಷ್ಟು ಲೇಟಾಗಿ ಕರ್ಕೊಂಡು ಬಂದ್ರಿ?" ಅವರು ಇನ್ನೊಮ್ಮೆ ನೋಡಿದರು. "ಪೇಷೆಂಟ್ ಹೆಸರು ಆಸ್ಕರ್ ಅಂತಿದೆ?"



"ಮನೇಲಿ ಕರೆಯೋ ಹೆಸರು," ಎಂದ ವಸಿಷ್ಠ.

ಟ್ಯಾಬು ಸೋಮವಾರ ರಿಪೇರಿಯಾಗಿ ಬಂತು. ಹಂಸಾ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅದರ ಮ್ಯೂಟ್ ತೆಗೆದಳು. ಆಸ್ಕರಿನ ಉಸಿರು ಕೇಳಿಸಿತು. ಒಳಗೆಳೆಯುವಾಗ ಒದ್ದೆ ಸದ್ದು, ಬಿಡುವಾಗ ಕೊನೆಯಲ್ಲಿ ಸೀಟಿ. ಪಕ್ಕದಲ್ಲಿದ್ದ ಸೀತಾಲಕ್ಷ್ಮಿ ಅವಳ ಕೈ ಹಿಡಿದರು.

"ಅದನ್ನ ನಿಲ್ಲಿಸ್ಬೇಡ," ಎಂದರು.

ಅಂದಿನಿಂದ ಅವರು ಹಟ ಹಿಡಿದರು. ಮೂರು ಗಂಟೆಗೆ ನರ್ಸನ್ನು ಕಾಡಿ, ಒಳಗಿನ ಯಂತ್ರ ಗಂಡನ ಉಸಿರನ್ನು ಎಷ್ಟೆಂದು ತೋರಿಸುತ್ತಿದೆ ಎಂದು ಕೇಳಿಕೊಂಡು ಬರುವರು. ಬಂದು ಸೊಸೆಗೆ ಹೇಳುವರು. "ಅಷ್ಟೇ ಹಾಕು. ಬೇರೆ ಹಾಕ್ಬೇಡ."

"ಅತ್ತೆ, ಇದು ನಾಯಿ ಲೆಕ್ಕ."

"ಇಷ್ಟು ದಿನ ಯಾರ ಲೆಕ್ಕ ಹಾಕಿದ್ದೆ?"

ಹಂಸಾ ಟ್ಯಾಬು ತೆರೆದಳು. ಅತ್ತೆ ಹೇಳಿದ್ದನ್ನೇ ತುಂಬಿದಳು.

ಶನಿವಾರ ಕೋರ್ಸಿನ ಕೊನೆಯ ದಿನ. ಸಂಜೆ ಆರಕ್ಕೆ ಮುಗಿಯುತ್ತಿತ್ತು. ಐದಕ್ಕೆ ಸೋಮನಾಥರ ಫೋನ್ ಬಂತು.

"ಆಯ್ತಾ ಹಂಸಾ? ಸೋಮವಾರ ಒಂದನೇ ತಾರೀಕು. ಮನೇಲಿ ಕಷ್ಟ ಇದೆ ಅಂತ ಗೊತ್ತು, ಒಂದು ವಾರ ಲೇಟಾಗಿ ಬಾ ಬೇಕಾದ್ರೆ. ಸರ್ಟಿಫಿಕೇಟ್ ಮಾತ್ರ ಇವತ್ತು ಬಂದುಬಿಡ್ಲಿ. ಆ ಹುಡುಗಿಗೆ ಉತ್ತರ ಹೇಳ್ಬೇಕು ನಾನು."

"ಕೊನೆ ಪ್ರಶ್ನೆ ಒಂದಿದೆ ಸಾರ್."

ಕೊನೆಯ ಪ್ರಶ್ನೆ ಪರದೆಯ ಮೇಲೆ ಇತ್ತು. ಆಸ್ಕರಿಗೆ ಕೊಡಬಹುದಾದ ಮಾತ್ರೆಗಳೆಲ್ಲ ಗರಿಷ್ಠ ಮಟ್ಟ ಮುಟ್ಟಿವೆ. ರೋಗಿ ಯಾತನೆಯಲ್ಲಿದೆ. ವೈದ್ಯರ ತೀರ್ಮಾನವೇನು? ಕೆಳಗೆ ಎರಡು ಗುಂಡಿಗಳು. ಒಂದು, ಚುಚ್ಚುಮದ್ದು ಕೊಟ್ಟು ನೋವಿಲ್ಲದೆ ಕಳಿಸಿಕೊಡುವುದು. ಇನ್ನೊಂದು, ಚಿಕಿತ್ಸೆ ಮುಂದುವರಿಸುವುದು. ತುಂಬಿದ ಸಂಖ್ಯೆಗಳ ಪ್ರಕಾರ ಸರಿಯುತ್ತರ ಯಾವುದೆಂದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಪ್ರಾಣಿಯ ಯಾತನೆಯನ್ನು ಎಳೆಯುವುದು ಕ್ಷಮೆಯಿಲ್ಲದ ತಪ್ಪು ಎಂದು ಉಪನ್ಯಾಸಕರು ಮೂರು ಸಲ ಹೇಳಿದ್ದರು.

ಒಳಗಿನ ಡಾಕ್ಟರಮ್ಮ ಮಧ್ಯಾಹ್ನ ತಾನೇ, ನಾಳೆವರೆಗೂ ಏನೂ ಹೇಳಕ್ಕಾಗಲ್ಲ ಎಂದು ಹೋಗಿದ್ದರು.

"ಏನು ಕೇಳತ್ತೆ ಅದು?" ಎಂದರು ಸೀತಾಲಕ್ಷ್ಮಿ.

ಹಂಸಾ ಓದಿ ಹೇಳಿದಳು. ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

"ಒತ್ಬೇಡ," ಎಂದರು ಅವರು.

"ಅತ್ತೆ, ಇದೊಂದು ಚಿತ್ರ. ನಾಯಿ ಎಲ್ಲೂ ಇಲ್ಲ."

"ಇಲ್ದೇ ಇರೋದಾಗಿದ್ರೆ ಕೊಲ್ಲು ಅಂತ ಯಾಕೆ ಕೇಳತ್ತೆ?" ಅವರು ಅವಳ ಸೆರಗು ಹಿಡಿದುಕೊಂಡರು. "ಕೆಲಸಕ್ಕೆ ಹೋಗು ಅಂತ ನಾನೇ ಹೇಳ್ತೀನಿ. ದಿನಾ ನಾಯಿ ಮುಟ್ಟಿ ಬಾ. ಒಂದು ಮಾತೂ ಆಡಲ್ಲ. ಇವತ್ತು ಒಂದು ದಿನ ಒತ್ಬೇಡ ಕಣೇ."

"ಇವತ್ತು ಒತ್ತದಿದ್ರೆ ಹೋಗೋಕೆ ಕೆಲಸಾನೇ ಇರಲ್ಲ."

ವಸಿಷ್ಠ ಎದ್ದು ಬಂದ. "ಅಮ್ಮ, ಸುಮ್ನಿರು. ಓದಿದವರು ಮಾಡೋ ಕೆಲಸಾನಾ ಇದು? ಸಾಫ್ಟ್‌ವೇರ್ ಅದು. ಕೊಡು ಹಂಸಾ, ನಾನು ಒತ್ತೀನಿ."

ಅವನು ಟ್ಯಾಬನ್ನು ಇಸಿದುಕೊಂಡ. ಆಸ್ಕರ್ ದಿಂಬಿನ ಮೇಲೆ ಗದ್ದವಿಟ್ಟುಕೊಂಡು ಅವನನ್ನು ನೋಡಿತು. ಅವನು ಬೆರಳೆತ್ತಿದ. ಐಸಿಯುವಿನ ಬಾಗಿಲು ತೆರೆದು ಮುಚ್ಚಿಕೊಂಡಿತು. ಒಳಗಿನ ಯಂತ್ರಗಳ ಕೀಚು ಸದ್ದು ಹೊರಗೆ ಬಂದು ಹೋಯಿತು. ವಸಿಷ್ಠ ಟ್ಯಾಬನ್ನು ಹೆಂಡತಿಗೆ ವಾಪಸು ಕೊಟ್ಟ.

"ಚಾರ್ಜ್ ಕಮ್ಮಿ ಇದೆ ನೋಡು," ಎಂದು ಹೇಳಿ ಕಾಫಿ ತರಲು ಹೋದ.

ಹಂಸಾ ಕೂತಳು. ಸೋಮನಾಥರ ಕ್ಲಿನಿಕ್ಕಿನ ಸಡಿಲ ಕೈಯ ಕುರ್ಚಿ ಅವಳ ಕಣ್ಣ ಮುಂದೆ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡು ಮಣಿ ಎಣಿಸುತ್ತಿದ್ದರು. ಟ್ಯಾಬಿನ ಉಸಿರಿಗೋ, ಒಳಗಿನ ಉಸಿರಿಗೋ, ಬರಿಯ ಜಪಕ್ಕೋ ತಿಳಿಯುವಂತಿರಲಿಲ್ಲ. ಆರಕ್ಕೆ ಕೆಲವು ನಿಮಿಷಗಳಿರುವಾಗ ಅವಳು ಗುಂಡಿ ಒತ್ತಿದಳು. ಎರಡನೆಯದನ್ನು.

ಪರದೆ ಒಂದು ಗಳಿಗೆ ಯೋಚಿಸಿತು. ನೀವು ರೋಗಿಯ ಯಾತನೆಯನ್ನು ಮುಂದುವರಿಸಿದ್ದೀರಿ, ನೀವು ಉತ್ತೀರ್ಣರಾಗಿಲ್ಲ, ಎಂದು ವಿನಯದಿಂದ ತಿಳಿಸಿತು. ಅದರ ಹಿಂದೆ ಆಸ್ಕರ್ ಉಸಿರಾಡುತ್ತಲೇ ಇತ್ತು.

"ಒತ್ತಿದ್ಯಾ?" ಎಂದರು ಅತ್ತೆ, ಕಣ್ಣು ತೆರೆಯದೆ.

"ಇಲ್ಲ ಅತ್ತೆ. ಇದೆ."

ರಾಮಪ್ರಸಾದರು ಮುಂದಿನ ಬುಧವಾರ ಮನೆಗೆ ಬಂದರು. ಕುರ್ಚಿಗೆ ಇನ್ನೊಬ್ಬಳು ಬಂದು ಕೂತಳೆಂದು ಸೋಮನಾಥ್ ಫೋನಿನಲ್ಲಿ ಹೇಳಿ, ಬೇಸರ ಮಾಡಿಕೊಳ್ಳಬೇಡ ಎಂದರು. ಕೋರ್ಸಿನವರು ಡಿಸೆಂಬರ್ ನಡುವೆ ಹಂಸಾಳ ಖಾತೆಯನ್ನು ಮುಚ್ಚಿದರು. ಅಲ್ಲಿಯವರೆಗೂ ಟ್ಯಾಬು ಕಿಟಕಿ ಕಟ್ಟೆಯ ಮೇಲೆ ಇತ್ತು. ಮುಚ್ಚಿದ ದಿನ ಅದನ್ನು ಯಾರು ಎತ್ತಿಟ್ಟರೋ ಯಾರೂ ಹೇಳಲಿಲ್ಲ. ಸೀತಾಲಕ್ಷ್ಮಿ ಈಗಲೂ ಮೂರು ಗಂಟೆಗೆ ಅದೇ ಮಣೆಯ ಮೇಲೆ, ಅದೇ ಖಾಲಿ ಚೌಕದ ಎದುರಿಗೆ ಕೂತು, ಪರದೆ ಸರಿಸದೆ ಎಣಿಸುತ್ತಾರೆ. ಎಣಿಸಿದ್ದನ್ನು ಸೊಸೆಗೆ ಹೇಳುತ್ತಾರೆ, ಸೊಸೆ ಮಾವನಿಗೆ ನೀರು ಇಳಿಸುವ ಮಾತ್ರೆ ಕೊಡುತ್ತಾಳೆ.

ಆ ಪ್ಲಗ್ಗಿನಲ್ಲಿ ಈಗ ಆಕ್ಸಿಜನ್ ಮಷೀನ್ ಇದೆ. ಚಟ್ನಿಯನ್ನು ಬೆಡ್‌ರೂಮಿನಲ್ಲಿ ರುಬ್ಬುತ್ತಾರೆ.